ಬಗ್ಗಬೇಕು, ಹರಿಯಬಾರದು: ಶಿವಾಜಿನಗರದಿಂದ ಜೆ.ಸಿ. ರಸ್ತೆಗೆ

ಬೆಂಗಳೂರಿನ ಶಿವಾಜಿನಗರದಲ್ಲಿ ನಾಯಿಗೆ ಆಟಿಕೆ ಕೊಳ್ಳಲು ಬಂದವರನ್ನು ಅಂಗಡಿಯವರು ಮೊದಲು ಕೇಳುವುದು ‘ಯಾವ ಜಾತಿ ಸಾರ್?’ ಎಂದು. ಪೊಮೇರಿಯನ್ ಎಂದರೆ ಇಡೀ ಗೋಡೆ ನಿಮ್ಮದು. ಲ್ಯಾಬ್ರಡಾರ್, ರಾಟ್‌ವೈಲರ್, ಜರ್ಮನ್ ಶೆಫರ್ಡ್ ಎಂದಿರೋ, ಗೋಡೆಯಲ್ಲಿ ನೇತುಹಾಕಿದ ಮುಕ್ಕಾಲು ಪಾಲು ಸಾಮಾನು ಆ ಕ್ಷಣವೇ ಲೆಕ್ಕದಿಂದ ಹೊರಬೀಳುತ್ತದೆ. ಸೊಪ್ಪು, ಮೀನು, ಮಾಂಸ, ಹಣ್ಣು, ಪಂಜರದ ಹಕ್ಕಿ ಎಲ್ಲವೂ ಒಂದೇ ಉಸಿರಿಗೆ ಮೂಗಿಗೆ ಬಡಿಯುವ ರಸೆಲ್ ಮಾರುಕಟ್ಟೆ 1927ರ ಕಟ್ಟಡ. ಅದರ ಆಸುಪಾಸಿನ ಗಲ್ಲಿಗಳಲ್ಲಿ ಈಚೆಗೆ ನಾಯಿ ಸಾಮಾನಿಗೇ ಒಳ್ಳೆಯ ವ್ಯಾಪಾರ. ಸಿಕ್ಕಿದ್ದನ್ನೆಲ್ಲ ಅಗಿದು ಪುಡಿಮಾಡುವ ನಾಯಿಯ ಮನೆಯವರು ಇಲ್ಲಿ ಏನನ್ನು ಕೊಳ್ಳಬೇಕು, ಏನನ್ನು ನೋಡಿ ಸುಮ್ಮನೆ ಮುಂದೆ ಹೋಗಬೇಕು ಎಂಬುದೇ ಈ ಸುತ್ತಾಟದ ವಿಷಯ.

ಕಣ್ಣಿಗೆ ಮೊದಲು ಬೀಳುವುದು ಒತ್ತಿದರೆ ಕೀಚ್ ಎನ್ನುವ ಬಟ್ಟೆಯ ಬಾತುಕೋಳಿ, ಕರಡಿಮರಿ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೇಟೆಯ ಹೊಟ್ಟೆ ಬಗೆಯುವುದು ನಾಯಿಯ ಹುಟ್ಟುಗುಣ. ಹೊಲಿಗೆ ಬಿಚ್ಚಿ, ಪಾಲಿಯೆಸ್ಟರ್ ಹತ್ತಿಯನ್ನು ಮನೆಯ ತುಂಬ ಹರಡಿ, ಒಳಗಿನ ಪ್ಲಾಸ್ಟಿಕ್ ಪೀಪಿ ಸಿಕ್ಕ ಮೇಲೆಯೇ ಅದಕ್ಕೆ ಸಮಾಧಾನ. ಆ ಪೀಪಿಯನ್ನು ನುಂಗಿತೆಂದರೆ ನಿಮ್ಮ ಸಮಾಧಾನ ಹೋಯಿತು.

ಪಕ್ಕದಲ್ಲೇ ಬಣ್ಣಬಣ್ಣದ ನೂಲಿನ ಹಗ್ಗಗಳು. ದಪ್ಪಗಿವೆ, ಗಂಟು ಬಿಗಿಯಾಗಿದೆ, ನೋಡಿದರೆ ನಂಬಿಕೆ ಬರುತ್ತದೆ. ಎರಡು ತುದಿಯನ್ನು ಇಬ್ಬರು ಹಿಡಿದು ಜಗ್ಗಾಡುವ ಆಟಕ್ಕೆ ಇದು ಸರಿಯೇ. ಆಟ ಮುಗಿದ ಮೇಲೆ ನಾಯಿಯ ಬಾಯಲ್ಲೇ ಬಿಟ್ಟು ಕೆಲಸಕ್ಕೆ ಹೋದರೆ ಕೇಡು. ನುಂಗಿದ ಎಳೆಯ ಒಂದು ತುದಿ ಹೊಟ್ಟೆಯಲ್ಲಿ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಲಾಡಿ ಎಳೆದ ಪೈಜಾಮದ ಹಾಗೆ ಕರುಳು ನೆರಿಗೆಗಟ್ಟಿ ಬಿಗಿದುಕೊಳ್ಳುತ್ತದೆ. ಎಳೆ ಕರುಳನ್ನು ಕೊಯ್ಯುವುದೂ ಉಂಟು. ಆಗ ಶಸ್ತ್ರಚಿಕಿತ್ಸೆಯೇ ಗತಿ.

ಟೆನಿಸ್ ಚೆಂಡು ಎಲ್ಲರಿಗೂ ಗೊತ್ತಿರುವ ಅಗ್ಗದ ಉಪಾಯ. ಎಸೆದು ತರಿಸುವುದಕ್ಕೆ ಅಡ್ಡಿಯಿಲ್ಲ. ದಿನವಿಡೀ ಅಗಿಯುವ ನಾಯಿಗೆ ಮಾತ್ರ ಬೇಡ. ಅದರ ಮೇಲಿನ ನವಿರಿಗೆ ಮಣ್ಣು, ಮರಳು ಅಂಟಿಕೊಂಡು ಉಜ್ಜುಕಾಗದವೇ ಆಗಿ, ಹಲ್ಲಿನ ತುದಿಯನ್ನು ನಿಧಾನವಾಗಿ ಸವೆಸುತ್ತದೆ. ದೊಡ್ಡ ನಾಯಿಯ ಬಾಯಲ್ಲಿ ಅದು ಚಪ್ಪಟೆಯಾಗಿ ಗಂಟಲಿಗೆ ಜಾರುವ ಭಯ ಬೇರೆ.

ಇಷ್ಟನ್ನು ದಾಟಿದ ಮೇಲೆ ಅಂಗಡಿಯವರು ಒಳಗಿನ ಕಪಾಟಿಗೆ ಕೈ ಹಾಕುತ್ತಾರೆ. ಅಲ್ಲಿರುವುದೆಲ್ಲ ಗಟ್ಟಿ ಸಾಮಾನು: ನೈಲಾನಿನ ಮೂಳೆ, ಎಮ್ಮೆಯ ಕೊಂಬು, ಗೊರಸು, ಕಾಫಿ ಗಿಡದ ಒಣಕಟ್ಟಿಗೆ, ನೇಪಾಳ–ಸಿಕ್ಕಿಂ ಕಡೆಯ ಛುರ್ಪಿ. ಛುರ್ಪಿ ಅಂದರೆ ಹಾಲು ಒಡೆಸಿ, ಹಿಂಡಿ, ತಿಂಗಳುಗಟ್ಟಲೆ ಒಣಗಿಸಿದ ಗಿಣ್ಣು. ಬೆಟ್ಟದ ಜನ ಬಾಯಲ್ಲಿಟ್ಟು ಗಂಟೆಗಟ್ಟಲೆ ಚೀಪುವ ತಿಂಡಿ ಈಗ ಅಮೆರಿಕದ ನಾಯಿಗಳಿಗೂ ರಫ್ತಾಗುತ್ತಿದೆ. ಮಾರುಕಟ್ಟೆಯ ಮಾಂಸದ ಸಾಲಿಗೆ ಹೋದರೆ ಮಜ್ಜೆಮೂಳೆಯೂ ಸಿಗುತ್ತದೆ. ಗಟ್ಟಿ ಇದ್ದದ್ದೇ ಬಾಳಿಕೆ ಬರುತ್ತದೆ ಎಂದು ಗ್ರಾಹಕನಿಗೂ ಅನ್ನಿಸುತ್ತದೆ, ಅಂಗಡಿಯವನಿಗೂ ಅನ್ನಿಸುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ.

ಬೆಳೆದ ನಾಯಿಗೆ 42 ಹಲ್ಲು. ಮುಂದಿನ ಕೋರೆಗಳು ಹಿಡಿಯುವುದಕ್ಕೆ. ಅಗಿಯುವ, ಕತ್ತರಿಸುವ ಕೆಲಸವೆಲ್ಲ ಹಿಂದಿನವಕ್ಕೆ. ಅದರಲ್ಲೂ ಮೇಲ್ದವಡೆಯ ನಾಲ್ಕನೆಯ ಮುಂದವಡೆ ಹಲ್ಲು ಮತ್ತು ಕೆಳದವಡೆಯ ಮೊದಲ ದವಡೆ ಹಲ್ಲು ಕತ್ತರಿಯ ಎರಡು ಅಲಗಿನಂತೆ ಕೂಡಿ ಕೆಲಸ ಮಾಡುತ್ತವೆ. ತೀರ ಗಟ್ಟಿಯಾದದ್ದನ್ನು ಬಲವಾಗಿ ಕಚ್ಚಿದಾಗ ಮೇಲಿನ ಹಲ್ಲಿನ ಹೊರಮೈಯಿಂದ ಒಂದು ಚಕ್ಕೆ ಎದ್ದುಬರುತ್ತದೆ. ಒಳಗಿನ ನರ ತೆರೆದುಕೊಂಡರೆ ಕೀವು, ಕಣ್ಣಿನ ಕೆಳಗೆ ಬಾವು. ಆಮೇಲೆ ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಹಲ್ಲು ಕೀಳಿಸಬೇಕು. ಎರಡಕ್ಕೂ ಅರಿವಳಿಕೆ ಬೇಕು. ನಾಯಿ ನೋವನ್ನು ಹೇಳಿಕೊಳ್ಳುವುದಿಲ್ಲ, ಒಂದೇ ಮಗ್ಗುಲಲ್ಲಿ ಅಗಿಯುತ್ತ ದಿನ ತಳ್ಳುತ್ತದೆ. ಕೊಂಬು ಉಳಿಯಿತು, ಹಲ್ಲು ಹೋಯಿತು ಎಂದರೆ ಅದೆಂಥ ಬಾಳಿಕೆ?

ಬೇಯಿಸಿದ ಮೂಳೆಯ ಮಾತೇ ಬೇಡ, ಅದು ಚೂಪಾದ ಸಿಬಿರಾಗಿ ಒಡೆಯುತ್ತದೆ. ಹಸಿಯದಾದರೂ ಬಳೆಯಂತೆ ಅಡ್ಡ ಕೊಯ್ದ ಮಜ್ಜೆಮೂಳೆ ಕೆಳದವಡೆಗೆ ಸಿಕ್ಕಿಕೊಂಡು, ಗರಗಸದಿಂದ ಕೊಯ್ದು ತೆಗೆಯಬೇಕಾದ ಪ್ರಸಂಗಗಳು ಪಶುವೈದ್ಯರಿಗೆ ಹೊಸತಲ್ಲ. ಹಸಿಚರ್ಮವನ್ನು ಸುತ್ತಿ ಗಂಟು ಹಾಕಿದ ಬಿಳಿ ‘ಮೂಳೆ’ಯೂ ಇಲ್ಲಿ ಧಾರಾಳ. ಜೊಲ್ಲಿಗೆ ನೆನೆದು ಮೆತ್ತಗಾದ ಮೇಲೆ ಅದರ ದೊಡ್ಡ ತುಂಡು ಒಮ್ಮೆಗೇ ಗಂಟಲಿಗೆ ಇಳಿಯುತ್ತದೆ. ಗಬಗಬ ನುಂಗುವ ಲ್ಯಾಬ್ರಡಾರ್‌ಗೆ ನಾನಂತೂ ಕೊಡೆನು.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆಯೊಂದಿದೆ, ದಂತ ಪರಿಣತ ಪಶುವೈದ್ಯರೂ ಇದನ್ನೇ ಹೇಳುತ್ತಾರೆ. ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿ. ಸ್ವಲ್ಪವಾದರೂ ತಗ್ಗಿದರೆ ಸರಿ, ಉಗುರಿಗೆ ಒಂದಿಷ್ಟೂ ತಗ್ಗದಿದ್ದರೆ ಅದು ಹಲ್ಲಿಗೆ ಅಪಾಯ. ಕೊಂಬು, ಗೊರಸು, ಹೆಚ್ಚಿನ ನೈಲಾನ್ ಮೂಳೆಗಳು, ಒಣ ಛುರ್ಪಿ ಇದರಲ್ಲಿ ಸೋಲುತ್ತವೆ. ಪಾಸಾಗುವುದು ರಬ್ಬರು.

ರಬ್ಬರಿನ ಕತೆ ತಿಳಿಯಬೇಕಾದರೆ ಶಿವಾಜಿನಗರ ಬಿಟ್ಟು ಪುರಭವನದ ಕಡೆ ಬರಬೇಕು. ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳು, ಜೆ.ಸಿ. ರಸ್ತೆಯ ವಾಹನ ಬಿಡಿಭಾಗದ ಸಾಲು. ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಬರುವವರು ಈ ಅಂಗಡಿಗಳನ್ನು ನೋಡದೆ ದಾಟಿಹೋಗುತ್ತಾರೆ. ಆದರೆ ಜಗತ್ತಿನ ಅತ್ಯಂತ ಹೆಸರುವಾಸಿ ನಾಯಿ ಆಟಿಕೆಯ ಮೂಲ ಇಂಥದೇ ಒಂದು ಬಿಡಿಭಾಗ. 1970ರ ದಶಕದಲ್ಲಿ ಅಮೆರಿಕದ ಕೊಲೊರಾಡೊದ ಜೋ ಮಾರ್ಕಮ್ ಎಂಬಾತನ ಜರ್ಮನ್ ಶೆಫರ್ಡ್ ಫ್ರಿಟ್ಜ್‌ಗೆ ಕಲ್ಲು ಅಗಿಯುವ ಚಟ, ಹಲ್ಲು ಸವೆಯುತ್ತಿತ್ತು. ಮಾರ್ಕಮ್ ಒಂದು ದಿನ ಫೋಕ್ಸ್‌ವ್ಯಾಗನ್ ವ್ಯಾನು ರಿಪೇರಿ ಮಾಡುತ್ತ, ನಾಯಿಯ ಗಮನ ಕಲ್ಲಿನಿಂದ ತಪ್ಪಲೆಂದು ಬಿಡಿಭಾಗಗಳನ್ನು ಎಸೆಯತೊಡಗಿದ. ಸಸ್ಪೆನ್ಷನ್ನಿನ ಒಂದು ರಬ್ಬರ್ ತುಂಡು ಫ್ರಿಟ್ಜ್‌ಗೆ ಹಿಡಿಸಿಬಿಟ್ಟಿತು. ಅದರ ಆಕಾರವನ್ನೇ ತಿದ್ದಿ ತೀಡಿ ಮಾಡಿದ್ದು ‘ಕಾಂಗ್’. ಕಂಪನಿ ಶುರುವಾದದ್ದು 1976ರಲ್ಲಿ. ಮೂರು ಉಂಡೆ ಒಂದರ ಮೇಲೊಂದು ಕೂತಂತಿರುವ, ಒಳಗೆ ಟೊಳ್ಳಾದ ಆ ಆಟಿಕೆ ಇಂದು ನಮ್ಮಲ್ಲೂ ಸಿಗುತ್ತದೆ. ಕೆಂಪು ಸಾಮಾನ್ಯ ನಾಯಿಗೆ, ಕಪ್ಪು ಜೋರಾಗಿ ಅಗಿಯುವುದಕ್ಕೆ. ದೊಡ್ಡ ಅಳತೆಯದರ ಬೆಲೆ ಸಾವಿರ ರೂಪಾಯಿ ದಾಟುತ್ತದೆ. ದುಬಾರಿಯೇ. ಆದರೆ ತಿಂಗಳಿಗೊಂದು ಬಟ್ಟೆಯ ಕರಡಿ ಕೊಳ್ಳುವವರು ಕೂತು ಲೆಕ್ಕ ಹಾಕಿದರೆ ಇದೇ ಅಗ್ಗ.

ಹಾಗಾದರೆ ಜೆ.ಸಿ. ರಸ್ತೆಯಲ್ಲೇ ಸಸ್ಪೆನ್ಷನ್ನಿನ ಒಂದು ರಬ್ಬರ್ ಬುಷ್ ಕೊಂಡು ನಾಯಿಗೆ ಎಸೆದರಾಗದೇ? ಆಗದು. ಹಳೆಯ ಟೈರಿನ ತುಂಡನ್ನೂ ಹಾಗೆ ಕೊಡುವವರಿದ್ದಾರೆ. ಟೈರಿನೊಳಗೆ ಉಕ್ಕಿನ ತಂತಿ, ನೈಲಾನ್ ಎಳೆ ಇರುತ್ತವೆ. ವಾಹನದ ರಬ್ಬರಿಗೆ ಬೆರೆಸುವ ಎಣ್ಣೆ, ರಾಸಾಯನಿಕಗಳು ರಸ್ತೆಗೆಂದು ಮಾಡಿದವು, ಬಾಯಿಗಲ್ಲ.

ಒಳ್ಳೆಯ ಆಟಿಕೆಗೆ ಬೇಕಾದದ್ದು ನೈಸರ್ಗಿಕ ರಬ್ಬರು. ಮರದ ಹಾಲನ್ನು ಹೆಪ್ಪುಗಟ್ಟಿಸಿ, ಹಾಳೆ ಮಾಡಿ, ಗಂಧಕ ಸೇರಿಸಿ ಕಾಯಿಸಿದಾಗ ಅದಕ್ಕೆ ಜಗ್ಗಿದರೂ ಮತ್ತೆ ಮೊದಲಿನಂತಾಗುವ ಗುಣ ಬರುತ್ತದೆ. ಹಲ್ಲು ಒತ್ತಿದಷ್ಟು ಒಳಸರಿದು, ಬಿಟ್ಟೊಡನೆ ಹಿಂತಿರುಗುತ್ತದೆ. ಈ ಹಾಲಿನ ಪರಿಚಯ ದಕ್ಷಿಣ ಕನ್ನಡದವರಿಗೆ ಚೆನ್ನಾಗಿದೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲೆಂದು ಸುಳ್ಯ, ಪುತ್ತೂರು ಭಾಗದಲ್ಲಿ ಸರ್ಕಾರವೇ ಬೆಳೆಸಿದ ರಬ್ಬರ್ ತೋಟಗಳು ಇಂದಿಗೂ ಇವೆ.

ಇಷ್ಟಾದರೂ ಅಂಗಡಿಯಲ್ಲಿ ‘ನ್ಯಾಚುರಲ್ ರಬ್ಬರ್’ ಎಂದು ಬರೆದದ್ದನ್ನೆಲ್ಲ ನಂಬುವಂತಿಲ್ಲ. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದರೆ ಆ ಆದೇಶ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಮಾತ್ರ. ನಾಯಿಯ ಆಟಿಕೆ ಅದರೊಳಗೆ ಬರುವುದಿಲ್ಲ. ಹಾಗಾಗಿ ಮೂಸಿ ನೋಡಿ: ಪೆಟ್ರೋಲಿನಂಥ ಘಾಟು ಬಂದರೆ, ಕೈಗೆ ಬಣ್ಣ ಹತ್ತಿದರೆ ಅಲ್ಲೇ ಇಟ್ಟುಬಿಡಿ. ತೂಕ ನೋಡಿ, ಗೋಡೆ ದಪ್ಪ ಇರಲಿ. ಚೆಂಡಿನಂಥ ಟೊಳ್ಳು ಆಟಿಕೆಗೆ ಒಂದೇ ತೂತು ಇದ್ದರೆ ಗಾಳಿಯ ಸೆಳೆತಕ್ಕೆ ನಾಲಗೆ ಸಿಕ್ಕಿಕೊಳ್ಳಬಹುದು, ಎರಡು ತೂತಿರಬೇಕು. ಅಳತೆಯಲ್ಲಿ ಸಂದೇಹ ಬಂದರೆ ದೊಡ್ಡದನ್ನೇ ಆರಿಸಿ.

‘ಯಾವತ್ತೂ ಹಾಳಾಗಲ್ಲ’ ಎಂಬ ಮಾತಿಗೆ ಕಿವಿಗೊಡಬೇಡಿ. ಎಲ್ಲ ಆಟಿಕೆಯೂ ಒಂದು ದಿನ ಸೋಲುತ್ತದೆ, ಹೇಗೆ ಸೋಲುತ್ತದೆ ಎಂಬುದು ಮುಖ್ಯ. ಹೊರಗೆ ಕಪ್ಪು, ಒಳಗೆ ಕೆಂಪು ರಬ್ಬರಿನ ಉಂಗುರವೊಂದನ್ನು ಅಮೆರಿಕದಲ್ಲಿ ಮಾಡುತ್ತಾರೆ. ಕೆಂಪು ಕಂಡಿತೆಂದರೆ ಎಸೆಯುವ ಹೊತ್ತಾಯಿತು. ಈ ವಿಚಾರ ನನಗೆ ಬಹಳ ಹಿಡಿಸಿತು.

ಇನ್ನೊಂದು ಮಾತು. ಬರೀ ರಬ್ಬರನ್ನು ನಾಯಿ ಮೂಸಿ ಬಿಟ್ಟುಬಿಡುವುದುಂಟು. ಟೊಳ್ಳಿನೊಳಗೆ ಅನ್ನ–ಮೊಸರು, ಇಲ್ಲವೇ ರಾಗಿ ಅಂಬಲಿ ತುಂಬಿ ರಾತ್ರಿ ಫ್ರೀಜರಿನಲ್ಲಿಡಿ. ಬೆಳಿಗ್ಗೆ ನೆಕ್ಕಿ ನೆಕ್ಕಿ ತೆಗೆಯುವುದರಲ್ಲೇ ಬಹಳ ಹೊತ್ತು ಕಳೆಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮಾತ್ರ ಸೋಕಿಸಬೇಡಿ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಮೂರರಿಂದ ಆರು ತಿಂಗಳ ಮರಿಗೆ ಕಪ್ಪು ರಬ್ಬರು ಬೇಡ, ಮರಿಗೆಂದೇ ಮಾಡಿದ ಮೆತ್ತನೆಯದು ಕೊಡಿ. ವಾಕಿಂಗ್ ಇಲ್ಲದೆ ದಿನವಿಡೀ ಬಾಲ್ಕನಿಯಲ್ಲಿ ಕಟ್ಟಿಹಾಕಿದ ನಾಯಿಗೆ ಯಾವ ಆಟಿಕೆಯೂ ಸಾಲದು, ಅದು ಸೋಫಾಕ್ಕೇ ಬಾಯಿ ಹಾಕುತ್ತದೆ.

ವಾರಕ್ಕೊಮ್ಮೆ ಆಟಿಕೆ ತೊಳೆದು ಬೆಳಕಿಗೆ ಹಿಡಿದು ನೋಡಿ. ತುಂಡು ಕಿತ್ತುಬಂದಿದ್ದರೆ ಎಸೆಯಿರಿ. ಆ ತುಂಡು ಮನೆಯಲ್ಲಿ ಎಲ್ಲೂ ಸಿಗದೆ, ನಾಯಿ ವಾಂತಿ ಮಾಡುತ್ತಿದ್ದರೆ, ಊಟ ಬಿಟ್ಟರೆ, ಮಲಕ್ಕೆ ಕೂತು ಸುಮ್ಮನೆ ತಿಣುಕುತ್ತಿದ್ದರೆ ಮರುದಿನಕ್ಕೆ ಕಾಯಬೇಡಿ, ಅಂದೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಹೋಗುವಾಗ ಹರಿದ ಆಟಿಕೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಎಕ್ಸ್‌ರೇಯಲ್ಲಿ ಬಟ್ಟೆ, ನೂಲು, ಎಷ್ಟೋ ಬಗೆಯ ಪ್ಲಾಸ್ಟಿಕ್ ಸರಿಯಾಗಿ ಕಾಣುವುದಿಲ್ಲ.