ಅರ್ಧ ಮಿಲಿಮೀಟರ್ ಕಣಜ, ಐದು ವರ್ಷದ ಪಿಎಚ್.ಡಿ.

ಬಳ್ಳಾರಿ ರಸ್ತೆ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಹೆಬ್ಬಾಳ ಎಂದರೆ ಮೇಲ್ಸೇತುವೆ, ಅದರ ಮೇಲಿನ ಟ್ರಾಫಿಕ್ಕು, ಪಕ್ಕದ ಕೆರೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮುಂದೇನು ಎಂದು ಯೋಚಿಸುವವರು ಇದೇ ರಸ್ತೆಯನ್ನು ಇನ್ನೊಂದು ಕಣ್ಣಿನಿಂದ ನೋಡಬೇಕು. 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜು ಇಲ್ಲೇ ಇದೆ. ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಅಂದರೆ ಎನ್‌ಬಿಎಐಆರ್ ಕೂಡ ಇಲ್ಲೇ. ಕೊಂಚ ಮುಂದೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಅದರ ಆವರಣದೊಳಗೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಯಲಹಂಕದ ಬಳಿ ಜಾನುವಾರು ರೋಗಗಳ ಲೆಕ್ಕ ಇಡುವ ನಿವೇದಿ. ಹೀಗೆ ಪ್ರಾಣಿಗಳ ಬಗ್ಗೆ ಸಂಶೋಧನೆ ನಡೆಸುವ ಸಂಸ್ಥೆಗಳು ಒಂದರ ಹಿಂದೆ ಒಂದರಂತೆ ಸಿಗುವ ಜಾಗ ರಾಜ್ಯದಲ್ಲಿ ಬೇರೆ ಇಲ್ಲವೆಂದೇ ಹೇಳಬೇಕು.

ಪ್ರಾಣಿಶಾಸ್ತ್ರದ ಪಿಎಚ್.ಡಿ. ಎಂದ ಕೂಡಲೇ ಮನೆಯವರ ಕಣ್ಣಿಗೆ ಹುಲಿ, ಆನೆ, ಕಾಡು ಕಟ್ಟುತ್ತವೆ. ಅಂಥ ಕೆಲಸವೂ ಇದೆ. ಆದರೆ ವಿಜ್ಞಾನ ಈವರೆಗೆ ಹೆಸರಿಟ್ಟಿರುವ ಪ್ರಾಣಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೀಟಗಳು. ಅವುಗಳ ಪ್ರಭೇದಗಳೇ ಸುಮಾರು 10 ಲಕ್ಷ. ಹಾಗಾಗಿ ಪಿಎಚ್.ಡಿ. ಎಂದರೆ ದಿನವಿಡೀ ಏನು ಮಾಡುತ್ತಾರೆ ಎಂದು ತಿಳಿಯಲು ಒಂದು ಕೀಟದ ಕಥೆಯನ್ನೇ ನೋಡೋಣ. ಬೆಂಗಳೂರಿಗೆ ಅದರ ಜೊತೆ ಹಳೆಯ ನಂಟಿದೆ.

ಅದರ ಹೆಸರು ಟ್ರೈಕೋಗ್ರಾಮ. ಉದ್ದ ಸುಮಾರು ಅರ್ಧ ಮಿಲಿಮೀಟರ್. ಹೆಸರಿಗೆ ಕಣಜ, ಕೈಮೇಲೆ ಕೂತರೂ ಗೊತ್ತಾಗದು, ಕಚ್ಚುವ ಮಾತೇ ಇಲ್ಲ. ಇದರ ಹೆಣ್ಣು ಪತಂಗಗಳ ಮೊಟ್ಟೆಯನ್ನು ಹುಡುಕಿಕೊಂಡು ಹೋಗುತ್ತದೆ. ಮೊಟ್ಟೆ ಸಿಕ್ಕರೆ ಅದರ ಮೇಲೆಲ್ಲ ಓಡಾಡಿ, ಮೀಸೆಯಿಂದ ತಟ್ಟಿ ಅಳತೆ ನೋಡುತ್ತದೆ; ಒಳಗೆ ಎಷ್ಟು ಮರಿಗೆ ಊಟವಿದೆ ಎಂದು ಅಂದಾಜು ಮಾಡಿಕೊಂಡು ತನ್ನ ಮೊಟ್ಟೆ ಇಡುತ್ತದೆ. ಮೂರು ನಾಲ್ಕು ದಿನಕ್ಕೆ ಪತಂಗದ ಮೊಟ್ಟೆ ಕಪ್ಪಗಾಗುತ್ತದೆ. ವಾರ, ಹತ್ತು ದಿನದೊಳಗೆ ಅದರಿಂದ ಹೊರಬರುವುದು ಪತಂಗದ ಹುಳುವಲ್ಲ, ಇನ್ನೊಂದು ಕಣಜ. ಬೆಳೆ ತಿನ್ನುವ ಹುಳು ಹುಟ್ಟುವ ಮೊದಲೇ ಕಥೆ ಮುಗಿಯಿತು. ಕಬ್ಬಿನ ಕಾಂಡಕೊರಕಕ್ಕೆ ರೈತರು ತಂದು ಗರಿಗೆ ಸಿಕ್ಕಿಸುವ ‘ಟ್ರೈಕೋಕಾರ್ಡ್’ ಇದೇ. ಅಕ್ಕಿ ಪತಂಗದ ಮೊಟ್ಟೆಗಳನ್ನು ರಟ್ಟಿಗೆ ಅಂಟಿಸಿ, ಅವುಗಳಲ್ಲಿ ಈ ಕಣಜವನ್ನು ಬೆಳೆಸಿರುತ್ತಾರೆ. ಒಂದು ಸಿಸಿ ಅಳತೆಯ ಕಾರ್ಡಿನಲ್ಲಿ 18ರಿಂದ 20 ಸಾವಿರ ಮೊಟ್ಟೆಗಳು.

ಇಷ್ಟು ಉಪಕಾರಿ ಹುಳುವಿನ ಒಂದು ತೊಂದರೆ ಎಂದರೆ, ಅದರ ಪ್ರಭೇದಗಳು ನೋಡಲು ಎಲ್ಲ ಒಂದೇ. ಮೊದಲು ಮೈಬಣ್ಣ, ರೋಮಗಳ ಉದ್ದ ನೋಡಿ ಗುರುತಿಸುತ್ತಿದ್ದರು. ಆದರೆ ಬಣ್ಣ ಹವೆಯ ಶಾಖಕ್ಕೆ ತಕ್ಕಂತೆ ಬದಲಾಗುತ್ತದೆ. ಮೈಗಾತ್ರ ಯಾವ ಪತಂಗದ ಮೊಟ್ಟೆಯಲ್ಲಿ ಬೆಳೆಯಿತು ಎಂಬುದರ ಮೇಲೆ ನಿಂತಿದೆ. ಒಂದು ದೇಶದಲ್ಲಿ ಗೆದ್ದ ಕಣಜ ಇನ್ನೊಂದು ದೇಶದಲ್ಲಿ ಸೋತಾಗ, ಎರಡೂ ಒಂದೇ ಪ್ರಭೇದವೋ ಬೇರೆಯೋ ಎಂದು ಹೇಳಲು ಯಾರಿಗೂ ಧೈರ್ಯವಿರಲಿಲ್ಲ.

ಈ ಗಂಟು ಬಿಚ್ಚಿದ್ದು ಬೆಂಗಳೂರಿನಲ್ಲಿ. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಕೇಂದ್ರ 1957ರಲ್ಲಿ ಇಲ್ಲಿ ಆರಂಭವಾಗಿತ್ತು. ಅಲ್ಲಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಎರಡು ದಾರಿ ಹಿಡಿದರು. 1968ರಲ್ಲಿ ಮೂರು ಬಗೆಯ ಕಣಜಗಳ ನಡುವೆ ಸಂಕರ ಮಾಡಿ ನೋಡಿದ ಫಲಿತಾಂಶ ಪ್ರಕಟಿಸಿದರು. 1971ರಲ್ಲಿ, ಗಂಡಿನ ಜನನಾಂಗದ ಆಕಾರವೇ ಪ್ರಭೇದ ಗುರುತಿಸಲು ನಂಬಬಹುದಾದ ಲಕ್ಷಣ ಎಂದು ತೋರಿಸಿದರು. ಜಗತ್ತಿನಾದ್ಯಂತ ಟ್ರೈಕೋಗ್ರಾಮ ಗುರುತಿಸುವ ಕ್ರಮವೇ ಆಮೇಲೆ ಬದಲಾಯಿತು. ಭಾರತದಲ್ಲಿ ‘ಆಸ್ಟ್ರಾಲಿಕಮ್’ ಎಂದು ಕರೆದುಕೊಂಡು ಬಂದಿದ್ದ ಕಣಜ ನಿಜಕ್ಕೂ ‘ಕಿಲೋನಿಸ್’ ಎಂಬುದು ಸ್ಪಷ್ಟವಾದದ್ದೂ ಹೀಗೆಯೇ.

ಸಂಕರದ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಸಂಶೋಧನೆ ಎಂದರೇನು ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಕಣಜ, ಜೇನು, ಇರುವೆಗಳಲ್ಲಿ ಫಲಿತ ಮೊಟ್ಟೆ ಹೆಣ್ಣಾಗುತ್ತದೆ, ಫಲಿತವಾಗದ್ದು ಗಂಡಾಗುತ್ತದೆ. ಅಂದರೆ ಗಂಡಿನ ಸಂಪರ್ಕವಿಲ್ಲದ ಹೆಣ್ಣೂ ಮಕ್ಕಳನ್ನು ಹೆರುತ್ತದೆ, ಆದರೆ ಎಲ್ಲವೂ ಗಂಡುಮಕ್ಕಳು. ಈಗ ‘ಅ’ ಬಗೆಯ ಗಂಡನ್ನು ‘ಆ’ ಬಗೆಯ ಹೆಣ್ಣಿನ ಜೊತೆ ಬಿಡಿ. ಮರಿಗಳಲ್ಲಿ ಹೆಣ್ಣು ಬಂದರೆ ಸಂಕರ ನಡೆದಿದೆ. ಬರೀ ಗಂಡು ಬಂದರೆ ಎರಡರ ನಡುವೆ ಸಂತಾನ ಕೂಡಿಬರುತ್ತಿಲ್ಲ. ಹೆಣ್ಣು ಬಂದರೂ ಕೆಲಸ ಮುಗಿಯಲಿಲ್ಲ. ಆ ಹೆಣ್ಣುಗಳಿಗೆ ಮುಂದೆ ಮಕ್ಕಳಾಗುತ್ತವೆಯೇ ಎಂದೂ ನೋಡಬೇಕು.

ಕೇಳಲು ಸುಲಭ. ಆದರೆ ಪ್ರಯೋಗಕ್ಕೆ ಕನ್ಯೆ ಹೆಣ್ಣೇ ಬೇಕು. ಕಾರ್ಡಿನಿಂದ ಗಂಡು ಕಣಜಗಳು ಮೊದಲು ಹೊರಬಂದು, ಅಲ್ಲೇ ಕಾದಿದ್ದು ಹೆಣ್ಣು ಬಂದ ತಕ್ಷಣ ಕೂಡುತ್ತವೆ. ಆದ್ದರಿಂದ ಮೊಟ್ಟೆ ಕಪ್ಪಗಾದ ಮೇಲೆ, ಕಣಜ ಹೊರಬರುವ ಮುಂಚೆ, ಒದ್ದೆ ಕುಂಚದ ತುದಿಯಿಂದ ಒಂದೊಂದೇ ಮೊಟ್ಟೆಯನ್ನು ಎತ್ತಿ ಒಂದೊಂದು ಗಾಜಿನ ನಳಿಕೆಗೆ ಹಾಕಬೇಕು. ಬಾಯಿಗೆ ಹತ್ತಿ, ಒಳಗೆ ಜೇನುತುಪ್ಪದ ಸಣ್ಣ ಗೆರೆ. ಹೊರಬಂದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿಂಗಡಿಸಬೇಕು: ಮೀಸೆಯಲ್ಲಿ ಉದ್ದ ರೋಮವಿದ್ದರೆ ಗಂಡು, ಮೀಸೆಯ ತುದಿ ಗದೆಯಂತೆ ದಪ್ಪಗಿದ್ದರೆ ಹೆಣ್ಣು. ‘ಅ’ ಗಂಡು ‘ಆ’ ಹೆಣ್ಣು, ‘ಆ’ ಗಂಡು ‘ಅ’ ಹೆಣ್ಣು, ಜೊತೆಗೆ ಹೋಲಿಕೆಗಾಗಿ ಅವರವರಲ್ಲೇ ಜೋಡಿ, ಹೀಗೆ ನಾಲ್ಕು ಸಾಲು. ಪ್ರತಿ ಸಾಲಿನಲ್ಲೂ ಹಲವು ಜೋಡಿ, ಪ್ರತಿ ಜೋಡಿಯ ಮಕ್ಕಳ ಎಣಿಕೆ.

ಅಷ್ಟರಲ್ಲಿ ಪ್ರಕೃತಿ ಇನ್ನೊಂದು ತೊಡಕು ಇಟ್ಟಿರುತ್ತದೆ. ಟ್ರೈಕೋಗ್ರಾಮದ ಕೆಲವು ಸಂತತಿಗಳಲ್ಲಿ ಗಂಡಿಲ್ಲದೆಯೂ ಹೆಣ್ಣುಮಕ್ಕಳೇ ಹುಟ್ಟುತ್ತವೆ. ಅವುಗಳಿಗೆ ಆ್ಯಂಟಿಬಯಾಟಿಕ್ ಉಣಿಸಿದರೆ ಗಂಡುಗಳು ಮತ್ತೆ ಹುಟ್ಟುತ್ತವೆ ಎಂದು 1990ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು; ಕಣಜದ ಮೈಯೊಳಗೆ ಸೇರಿಕೊಂಡ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯಾದ ಕೆಲಸ ಅದು. ಹೆಣ್ಣು ಮರಿ ಕಂಡ ಕೂಡಲೇ ಸಂಕರ ಆಯಿತು ಎಂದು ಬರೆದುಬಿಡುವ ಹಾಗಿಲ್ಲ. ಬೇರೆ ಕಾರಣ ಯಾವುದೂ ಇಲ್ಲ ಎಂದು ತೋರಿಸಿದ ಮೇಲೆಯೇ ಅದು ಫಲಿತಾಂಶ. ಐದು ವರ್ಷ ಯಾಕೆ ಬೇಕು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಹೆಸರು ಸರಿಯಾಗಿ ಗೊತ್ತಾದರೆ ಲಾಭ ಏನು ಎಂಬುದಕ್ಕೆ ಪಪ್ಪಾಯದ ಹಿಟ್ಟು ತಿಗಣೆಯೇ ಸಾಕ್ಷಿ. ಮಧ್ಯ ಅಮೆರಿಕ ಮೂಲದ ಈ ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪಪ್ಪಾಯ ಮಾತ್ರವಲ್ಲ, ಹಿಪ್ಪುನೇರಳೆಯನ್ನೂ ಹಿಡಿಯಿತು. ರೇಷ್ಮೆ ಬೆಳೆಗಾರರು ಔಷಧ ಹೊಡೆಯುವಂತಿರಲಿಲ್ಲ. ಆ ಸೊಪ್ಪು ತಿಂದ ರೇಷ್ಮೆಹುಳು ಉಳಿಯುವುದಿಲ್ಲ. ತಿಗಣೆಯ ಪ್ರಭೇದ ಇಂಥದ್ದೇ ಎಂದು ಖಚಿತವಾಗಿದ್ದರಿಂದ ಅದರ ತವರಿನ ಶತ್ರುಗಳು ಯಾರು ಎಂಬುದೂ ತಿಳಿದಿತ್ತು. 2010ರಲ್ಲಿ ಹೆಬ್ಬಾಳದ ಬ್ಯೂರೋ ಪೋರ್ಟೊರಿಕೊದಿಂದ ಮೂರು ಬಗೆಯ ಪುಟ್ಟ ಕಣಜಗಳನ್ನು ತರಿಸಿತು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದು ಹೊಲಗಳಲ್ಲಿ ಬೇಗ ನೆಲೆಯೂರಿ ತಿಗಣೆಯನ್ನು ಹತೋಟಿಗೆ ತಂದಿತು. ತಿಗಣೆಯ ಹೆಸರು ತಪ್ಪಿದ್ದರೆ ಬೇರೆ ಯಾವುದೋ ಕಣಜ ಬರುತ್ತಿತ್ತು, ಬೇಕಾದ ಬಲಿ ಸಿಗದೆ ಸಾಯುತ್ತಿತ್ತು.

ಗುರುತಿಸುವುದರ ಜೊತೆಗೆ ಕಾಪಿಡುವುದೂ ಮುಖ್ಯ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗ ಕಟ್ಟಿದ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಪಶ್ಚಿಮ ಘಟ್ಟದ ಹಲವು ಕಪ್ಪೆಗಳನ್ನು ಮೊದಲ ಬಾರಿಗೆ ವರ್ಣಿಸಿದರು. ಆದರೆ ಆ ವರ್ಣನೆಗೆ ಆಧಾರವಾಗಿದ್ದ ಮಾದರಿಗಳು ಮುಂದೆ ಕಳೆದುಹೋದವು. ಅವರು ಹೇಳಿದ ಕಪ್ಪೆ ಇದೇನಾ ಅದೇನಾ ಎಂದು ನಂತರದ ಸಂಶೋಧಕರು ದಶಕಗಳ ಕಾಲ ತಲೆಕೆಡಿಸಿಕೊಳ್ಳಬೇಕಾಯಿತು. ಅವರ ಗೌರವಕ್ಕಾಗಿ 2010ರಲ್ಲಿ ಒಂದು ಕಪ್ಪೆ ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟಿದ್ದಾರೆ. ಇಂದು 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಲೇಬೇಕು. ಕೃಷಿಗೆ ಸಂಬಂಧಿಸಿದ ಕೀಟಗಳಿಗೆ ಹೆಬ್ಬಾಳದ ಬ್ಯೂರೋವೇ ಅಂಥ ಭಂಡಾರ.

ಇನ್ನು ದಾರಿಯ ವಿವರ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮಹಿಳೆಯರಿಗೆ ಇನ್ನೆರಡು ವರ್ಷದ ರಿಯಾಯಿತಿ ಉಂಟು. ಸ್ನಾತಕೋತ್ತರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55 ಅಂಕ ಬೇಕು. ಮೊದಲು ಕೋರ್ಸ್‌ವರ್ಕ್, ಅದರಲ್ಲಿ ಸಂಶೋಧನಾ ವಿಧಾನ ಮತ್ತು ನೀತಿಯ ಪಾಠ ಕಡ್ಡಾಯ. ಸಿಎಸ್‌ಐಆರ್–ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ.; ಇದು 2023ರ ಜನವರಿಯಿಂದ ಜಾರಿಯಲ್ಲಿರುವ ದರ. ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ಸಾಮಾನ್ಯವಾಗಿ ಕೃಷಿ ಎಂ.ಎಸ್ಸಿ. ಕೇಳುತ್ತಾರೆ. ಪ್ರಾಣಿಶಾಸ್ತ್ರದವರು ಸಂಶೋಧನಾ ಸಂಸ್ಥೆಯ ಪ್ರಾಜೆಕ್ಟಿಗೆ ಸೇರಿ, ಆ ಸಂಸ್ಥೆಗೆ ಮಾನ್ಯತೆ ಕೊಟ್ಟ ವಿಶ್ವವಿದ್ಯಾಲಯದಲ್ಲಿ ನೋಂದಣಿ ಮಾಡಿಸುವುದು ರೂಢಿಯಲ್ಲಿದೆ. ಎನ್‌ಸಿಬಿಎಸ್‌ನ ಪದವಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯದು. ಕಾಡಿನಲ್ಲಿ ಕೆಲಸವಾದರೆ ಅರಣ್ಯ ಇಲಾಖೆಯ ಅನುಮತಿ, ಇಲಿ, ಮೊಲದಂಥ ಪ್ರಾಣಿಗಳ ಮೇಲೆ ಪ್ರಯೋಗವಾದರೆ ನೀತಿ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಇವುಗಳಿಗೆ ತಿಂಗಳುಗಳೇ ಹಿಡಿಯುತ್ತವೆ.

ಡಿಗ್ರಿಯ ವಿಷಯವೇ ಜೀವನದ ವಿಷಯವಾಗಬೇಕೆಂದೇನೂ ಇಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ ರಾಘವೇಂದ್ರ ಗದಗಕರ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿದ್ದು ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್ಸಿನ ಮೇಲೆ. ರೊಪಾಲಿಡಿಯ ಮಾರ್ಜಿನೇಟ ಎಂಬ ಕಣಜದ ಗೂಡು ನೋಡುವುದು ಆಗ ಅವರಿಗೆ ಹವ್ಯಾಸ. ಅದೇ ಮುಂದೆ ಅವರ ಮುಖ್ಯ ಸಂಶೋಧನೆಯಾಯಿತು, ಆ ಕಣಜದ ಸಮಾಜದ ಬಗ್ಗೆ ಜಗತ್ತು ಓದುವ ಪುಸ್ತಕವಾಯಿತು. ಪಿಎಚ್.ಡಿ.ಯಲ್ಲಿ ಅವರು ಕಲಿತದ್ದು ಪ್ರಶ್ನೆ ಕೇಳುವ ಮತ್ತು ಉತ್ತರವನ್ನು ಒರೆಗೆ ಹಚ್ಚುವ ಕ್ರಮ. ಅದನ್ನು ಯಾವ ಪ್ರಾಣಿಯ ಹತ್ತಿರಕ್ಕಾದರೂ ಒಯ್ಯಬಹುದು.

ಈ ವರ್ಷ ಅರ್ಜಿ ಹಾಕಲಿರುವವರಿಗೆ ಒಂದು ಮಾತು. ವಿಶ್ವವಿದ್ಯಾಲಯದ ಹೆಸರಿಗಿಂತ ಮೊದಲು ಗೈಡ್ ಯಾರು, ಅವರ ಲ್ಯಾಬಿನಲ್ಲಿ ಈಗ ನಡೆಯುತ್ತಿರುವ ಕೆಲಸ ಯಾವುದು ಎಂದು ವಿಚಾರಿಸಿ. ಅಲ್ಲಿ ಮೂರನೆಯ ವರ್ಷದಲ್ಲಿರುವ ವಿದ್ಯಾರ್ಥಿಯ ಜೊತೆ ಮಾತಾಡಿ. ಕಷ್ಟಸುಖ ಅವರಷ್ಟು ಸರಿಯಾಗಿ ಯಾರೂ ಹೇಳುವುದಿಲ್ಲ. ದೊಡ್ಡ ಪ್ರಾಣಿಯ ಮೋಹಕ್ಕಿಂತ, ಐದು ವರ್ಷದಲ್ಲಿ ಉತ್ತರ ಸಿಗಬಹುದಾದ ಸಣ್ಣ ಪ್ರಶ್ನೆಯನ್ನು ಆರಿಸಿಕೊಳ್ಳಿ. ಹುಳಗಳನ್ನು ಗುರುತಿಸಬಲ್ಲ ತಜ್ಞರು ದೇಶದಲ್ಲಿ ಕಡಿಮೆ, ಬೆಳೆಗೆ ಬರುವ ಹೊಸ ಹುಳಗಳು ಹೆಚ್ಚು. ಆ ಕೆಲಸ ಕಲಿಯುವವರ ಅಗತ್ಯ ನಮ್ಮ ರೈತರಿಗಿದೆ.