ಸರ್ಪಸುತ್ತು: ಹೆಸರೂ ಕಾರಣವೂ

ಹಿರಿಯೂರು ತಾಲ್ಲೂಕಿನ ನಮ್ಮ ಆದಿವಾಲದಲ್ಲಿಯೂ ನಾಡಿನ ಇತರೆಡೆಗಳಲ್ಲಿಯೂ, ಮೈಯ ಒಂದು ಪಾರ್ಶ್ವದಲ್ಲಿ ಉರಿಯೊಡನೆ ಸಾಲುಗಟ್ಟಿ ಏಳುವ ಗುಳ್ಳೆಗಳಿಗೆ ಸರ್ಪಸುತ್ತೆಂದು ಹೆಸರು. ಅರ್ಬುದರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದವರಲ್ಲಿ ಇದು ತಲೆದೋರಿದರೆ, ನಾಗದೋಷವೆಂದು ಕೆಲವರೂ ಹಳೆಯ ರೋಗವೇ ಮರಳಿತೆಂದು ಕೆಲವರೂ ಭಯಪಡುವರು. ಈ ಭಯಗಳಿಗೆ ಆಧಾರವುಂಟೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶವು.

ಮೊದಲು ಶಬ್ದವಿಚಾರ. ಪಾಶ್ಚಾತ್ಯ ವೈದ್ಯರು ಇದನ್ನು ಹರ್ಪಿಸ್ ಜೋಸ್ಟರ್ ಎನ್ನುವರು. ಮೊದಲನೆಯ ಪದವು ತೆವಳುವುದೆಂಬರ್ಥದ ಗ್ರೀಕ್ ಧಾತುವಿನಿಂದ ಬಂದುದು. ಅದು ನಮ್ಮ ಸೃಪ್ ಧಾತುವಿಗೆ ಸಜಾತೀಯವು. ಎರಡನೆಯದಕ್ಕೆ ನಡುಪಟ್ಟಿಯೆಂದರ್ಥ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬರುವ ವಿಸರ್ಪವೂ ಸೃಪ್ ಧಾತುವಿನದೇ. ಆದರೆ ಅದು ಹರಡುವ ಹಲವು ವಿಕಾರಗಳಿಗೆ ಸಲ್ಲುವ ಪದವಾದುದರಿಂದ ಎರಡನ್ನೂ ಒಂದೆನ್ನಲಾಗದು.

ಇನ್ನು ಕಾರಣ. ಸೀತಾಳೆ ಸಿಡುಬನ್ನುಂಟುಮಾಡಿದ ವೈರಾಣುವು, ಆ ರೋಗ ವಾಸಿಯಾದ ಮೇಲೂ ನಾಶವಾಗದೆ ನರಗಂಟುಗಳಲ್ಲಿ ಅಡಗಿರುವುದು. ಯೋಗಶಾಸ್ತ್ರವು ಕ್ಲೇಶಗಳಿಗೆ ಹೇಳಿರುವ ಪ್ರಸುಪ್ತಾವಸ್ಥೆಯನ್ನು ಇದಕ್ಕೆ ಹೋಲಿಸಬಹುದು. ಅರ್ಬುದವೂ, ಶಸ್ತ್ರದ ಆಘಾತವೂ, ಅನಂತರದ ತೀಕ್ಷ್ಣೌಷಧ ಕಿರಣಚಿಕಿತ್ಸೆಗಳೂ ದೇಹದ ರಕ್ಷಣಶಕ್ತಿಯನ್ನು ಕುಗ್ಗಿಸಿದಾಗ, ಅದು ಎಚ್ಚೆತ್ತು ನರದ ದಾರಿಯಲ್ಲಿ ಚರ್ಮಕ್ಕೆ ಬರುವುದು. ಆದುದರಿಂದ ಸರ್ಪಸುತ್ತು ತಾನಾಗಿಯೇ ಅರ್ಬುದವು ಮರಳಿದುದರ ಕುರುಹಲ್ಲ. ತುಟಿಯ ಗುಳ್ಳೆಗಳನ್ನು ತರುವ ದಾಯಾದಿ ವೈರಾಣುವಿನ ಸ್ವಭಾವವೂ ಇಂತಹುದೇ. ಮುಖದ ನರಶೂಲೆಗಾಗಿ ಶಸ್ತ್ರಚಿಕಿತ್ಸೆ ಮಾಡಿದ ತರುವಾಯ ಅಂತಹ ಗುಳ್ಳೆಗಳೇಳುವುದನ್ನು ಅಮೆರಿಕದ ಹಾರ್ವೆ ಕುಷಿಂಗ್ 1905ರಲ್ಲಿಯೇ ಗುರುತಿಸಿದ್ದನು. ಸರ್ಪಸುತ್ತು ಸುಪ್ತವೈರಾಣುವಿನ ಪುನರುತ್ಥಾನವೆಂಬ ಮತವನ್ನು ಇಂಗ್ಲೆಂಡಿನ ಹೋಪ್-ಸಿಂಪ್ಸನ್ 1965ರಲ್ಲಿ ವಿಶದವಾಗಿ ಪ್ರತಿಪಾದಿಸಿದನು.

ಹಾವಿನ ತಲೆಬಾಲಗಳು ಕೂಡಿದರೆ ಮರಣವೆಂಬ ಮಾತೊಂದುಂಟು. ಒಂದೊಂದು ನರವೂ ಮೈಯ ಒಂದೇ ಪಾರ್ಶ್ವಕ್ಕೆ ಸೇರಿದುದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆಯನ್ನು ದಾಟವು. ನಿಜವಾದ ಅಪಾಯವು ಬೇರೆ. ಶಕ್ತಿಗುಂದಿದವರಲ್ಲಿ ಅದು ಮೈಯೆಲ್ಲ ಹಬ್ಬಬಹುದು. ಮುಖದಲ್ಲೆದ್ದರೆ ಕಣ್ಣಿಗೂ ತಗುಲಬಹುದು. ಗುಳ್ಳೆ ಮಾಯ್ದರೂ ನೋವು ತಿಂಗಳುಗಟ್ಟಲೆ ಉಳಿಯಬಹುದು. ಏಸೈಕ್ಲೋವಿರ್ ಮೊದಲಾದ ಔಷಧಗಳನ್ನು ಗುಳ್ಳೆ ಕಂಡ 72 ಗಂಟೆಗಳೊಳಗೆ ಆರಂಭಿಸಿದರೆ ಫಲವು ಹೆಚ್ಚು. ಕೆಮ್ಮಣ್ಣು ಬಳಿದು ಕಾಯುವುದರಲ್ಲಿ ಕಳೆದುಹೋಗುವುದು ಆ ಮೂರು ದಿನಗಳೇ. ಸರ್ಪಸುತ್ತೆಂಬ ಹೆಸರು ರೋಗದ ಆಕಾರವನ್ನು ಸರಿಯಾಗಿಯೇ ಹೇಳುವುದು, ಕಾರಣವನ್ನು ಹೇಳದು. ಹೆಸರನ್ನು ಉಳಿಸಿಕೊಂಡು, ರೋಗಿಯನ್ನು ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯುವುದು ಯುಕ್ತವು.