ಗೃಹ ಬ್ಯಾಟರಿ ಜೋಡಣೆ

ಗೃಹ ಬ್ಯಾಟರಿ ಜೋಡಣೆ ಎಂದರೆ ವಿದ್ಯುಚ್ಛಕ್ತಿಯನ್ನು ಸಂಗ್ರಹಿಸುವ ಬ್ಯಾಟರಿಯನ್ನು ಮನೆಯ ಸೌರಫಲಕ, ಇನ್ವರ್ಟರ್, ವಿದ್ಯುತ್ ಜಾಲ ಹಾಗೂ ಉಪಕರಣಗಳೊಡನೆ ಒಂದೇ ವ್ಯವಸ್ಥೆಯಾಗಿ ಹೊಂದಿಸುವುದು. ಹಗಲಿನ ಸೌರವಿದ್ಯುತ್ತನ್ನು ರಾತ್ರಿಗೆ ಉಳಿಸುವುದು ಮತ್ತು ವಿದ್ಯುತ್ ಕಡಿತದ ವೇಳೆ ಅಗತ್ಯ ಉಪಕರಣಗಳನ್ನು ನಡೆಸುವುದು ಇದರ ಮುಖ್ಯ ಉದ್ದೇಶಗಳು.

ಹಿನ್ನೆಲೆ

ಭಾರತದ ಮನೆಗಳಲ್ಲಿ ಸೀಸ-ಆಮ್ಲ ಬ್ಯಾಟರಿ ಹಾಗೂ ಇನ್ವರ್ಟರುಗಳ ಬಳಕೆ ಬಹುಕಾಲದಿಂದ ರೂಢಿಯಲ್ಲಿದೆ. ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ‘ಪಿಎಂ ಸೂರ್ಯ ಘರ್: ಮುಫ್ತ್ ಬಿಜ್ಲಿ ಯೋಜನೆ’ಯನ್ನು ಆರಂಭಿಸಿ, ಮನೆಯ ಚಾವಣಿಯ ಸೌರಘಟಕಗಳಿಗೆ ಗರಿಷ್ಠ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಿತು. ಇಂತಹ ಘಟಕಗಳು ಸಾಮಾನ್ಯವಾಗಿ ಬ್ಯಾಟರಿಯಿಲ್ಲದೆ ನೇರವಾಗಿ ಜಾಲಕ್ಕೆ ಜೋಡಣೆಗೊಳ್ಳುತ್ತವೆ.

ವಿದ್ಯುತ್ ಕಡಿತದ ಸಂದರ್ಭ

ಚಾವಣಿಯಲ್ಲಿ ಸೌರಫಲಕಗಳಿದ್ದರೆ ವಿದ್ಯುತ್ ಹೋದಾಗಲೂ ಮನೆಯಲ್ಲಿ ದೀಪ ಉರಿಯುತ್ತದೆ ಎಂಬುದು ತಪ್ಪು ಕಲ್ಪನೆ. ಬ್ಯಾಟರಿಯಿಲ್ಲದ ಜಾಲ-ಸಂಪರ್ಕಿತ ಇನ್ವರ್ಟರ್, ಜಾಲದಲ್ಲಿ ವಿದ್ಯುತ್ ನಿಂತೊಡನೆ ತಾನೂ ನಿಲ್ಲುತ್ತದೆ. ಹೊರಗೆ ಪ್ರಖರವಾದ ಬಿಸಿಲಿದ್ದರೂ ಮನೆ ಕತ್ತಲೆಯಲ್ಲಿರುತ್ತದೆ. ಇದು ದೋಷವಲ್ಲ, ರಕ್ಷಣಾಕ್ರಮ. ಮನೆಯಿಂದ ಹೊರಟ ವಿದ್ಯುತ್ ಪರಿವರ್ತಕದಲ್ಲಿ ಹಿಮ್ಮುಖವಾಗಿ ಹರಿದರೆ 11,000 ವೋಲ್ಟ್‌ಗೆ ಏರಬಲ್ಲದು. ವಿದ್ಯುತ್ ಇಲ್ಲವೆಂದು ನಂಬಿ ತಂತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ಅದು ಪ್ರಾಣಾಂತಿಕವಾಗುತ್ತದೆ.

ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಇರುವ ಮನೆಯಲ್ಲಿ, ಕಡಿತದ ವೇಳೆ ಸ್ವಯಂಚಾಲಿತ ಸ್ವಿಚ್ ಮನೆಯನ್ನು ಜಾಲದಿಂದ ಬೇರ್ಪಡಿಸುತ್ತದೆ. ಅನಂತರ ಫಲಕಗಳೂ ಬ್ಯಾಟರಿಯೂ ಮನೆಗೆ ಮಾತ್ರ ವಿದ್ಯುತ್ ಪೂರೈಸುತ್ತವೆ.

ಜೋಡಣೆಯ ವಿಧಗಳು

ಡಿಸಿ ಜೋಡಣೆ: ಫಲಕಗಳ ನೇರ ವಿದ್ಯುತ್ ಹೈಬ್ರಿಡ್ ಇನ್ವರ್ಟರ್‌ನ ಮೂಲಕ ಬ್ಯಾಟರಿಯನ್ನು ಸೇರುತ್ತದೆ. ಪರಿವರ್ತನೆಯ ಹಂತಗಳು ಕಡಿಮೆಯಾದ್ದರಿಂದ ನಷ್ಟವೂ ಕಡಿಮೆ. ಹೊಸದಾಗಿ ಘಟಕ ಸ್ಥಾಪಿಸುವವರಿಗೆ ಇದು ಅನುಕೂಲಕರ.

ಎಸಿ ಜೋಡಣೆ: ಈಗಾಗಲೇ ಇರುವ ಸೌರ ಇನ್ವರ್ಟರನ್ನು ಹಾಗೆಯೇ ಉಳಿಸಿಕೊಂಡು ಬ್ಯಾಟರಿಗೆ ಪ್ರತ್ಯೇಕ ಇನ್ವರ್ಟರ್ ಅಳವಡಿಸಲಾಗುತ್ತದೆ. ಕಡಿತದ ವೇಳೆ ಬ್ಯಾಟರಿ ತುಂಬಿದಾಗ, ಅದರ ಇನ್ವರ್ಟರ್ ಆವರ್ತನವನ್ನು 50 ಹರ್ಟ್ಸ್‌ಗಿಂತ ತುಸು ಏರಿಸಿ ಸೌರ ಉತ್ಪಾದನೆಯನ್ನು ತಗ್ಗಿಸುತ್ತದೆ. ಹಳೆಯ ಸಾಮಾನ್ಯ ಇನ್ವರ್ಟರ್‌ಗೆ ಈ ಸೌಲಭ್ಯವಿಲ್ಲ. ಅದರ ಹೊರಹರಿವಿಗೆ ಸೌರ ಇನ್ವರ್ಟರನ್ನು ಜೋಡಿಸಿದರೆ ಹಾನಿಯಾಗಬಹುದು.

ಸಾಮರ್ಥ್ಯದ ಲೆಕ್ಕ

12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಸೀಸ-ಆಮ್ಲ ಬ್ಯಾಟರಿಯ ಬಾಳಿಕೆಗಾಗಿ ಅದರಲ್ಲಿ ಅರ್ಧವನ್ನು, ಅಂದರೆ 900 ವ್ಯಾಟ್-ಅವರ್ ಮಾತ್ರ ಬಳಸುವುದು ಒಳಿತು. 9 ವ್ಯಾಟಿನ ನಾಲ್ಕು ದೀಪಗಳು, 75 ವ್ಯಾಟಿನ ಎರಡು ಫ್ಯಾನುಗಳು ಹಾಗೂ ಒಂದು ವೈಫೈ ರೂಟರ್ ಸೇರಿ ಸುಮಾರು 200 ವ್ಯಾಟ್ ಆಗುತ್ತದೆ. ಪರಿವರ್ತನೆಯ ನಷ್ಟ ಕಳೆದರೆ ಇವು ಸುಮಾರು ನಾಲ್ಕು ಗಂಟೆ ನಡೆಯುತ್ತವೆ. 2,000 ವ್ಯಾಟಿನ ಗೀಸರ್ ಆದರೆ ಅಷ್ಟೇ ಶಕ್ತಿಯನ್ನು ಅರ್ಧ ಗಂಟೆಯೊಳಗೆ ಬರಿದುಮಾಡುತ್ತದೆ.

ಆದ್ದರಿಂದ ಅಗತ್ಯ ಉಪಕರಣಗಳಿಗೆ ಪ್ರತ್ಯೇಕ ಸರ್ಕ್ಯೂಟ್ ಕಲ್ಪಿಸಿ, ಗೀಸರ್ ಮತ್ತು ಇಸ್ತ್ರಿಪೆಟ್ಟಿಗೆಗಳನ್ನು ಅದರಿಂದ ಹೊರಗಿಡಬೇಕು. ಕರ್ನಾಟಕದ ಅನೇಕ ಮನೆಗಳಲ್ಲಿರುವ ಸೌರ ಜಲತಾಪಕವು ಬಿಸಿಲನ್ನು ಶಾಖವಾಗಿಯೇ ಸಂಗ್ರಹಿಸುವುದರಿಂದ ಬ್ಯಾಟರಿಯ ಹೊರೆಯನ್ನು ತಗ್ಗಿಸುತ್ತದೆ. ನೀರೆತ್ತುವ ಪಂಪು ಹಾಗೂ ವಿದ್ಯುತ್ ವಾಹನದ ಚಾರ್ಜಿಂಗ್‌ಗೆ ಬಿಸಿಲಿರುವ ನಡುಹಗಲೇ ಸೂಕ್ತ ಸಮಯ.

ಸುರಕ್ಷತೆ ಮತ್ತು ಮಿತಿಗಳು

ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ದಹನಶೀಲವಾದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಅದನ್ನು ಗಾಳಿಯಾಡುವ ಸ್ಥಳದಲ್ಲಿಡಬೇಕು. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗೆ ನೀರು ತುಂಬಬೇಕಿಲ್ಲ. ಆದರೆ ಅದರ ನಿಯಂತ್ರಣ ಘಟಕವು ಇನ್ವರ್ಟರ್‌ಗೆ ಹೊಂದುವಂತಿರಬೇಕು. ಭೂಸಂಪರ್ಕವೂ ಸಂಪರ್ಕ ಕಡಿತದ ವ್ಯವಸ್ಥೆಯೂ ಅತ್ಯವಶ್ಯ. ಜಾಲಕ್ಕೆ ಜೋಡಿಸಲು ವಿದ್ಯುತ್ ಸರಬರಾಜು ಕಂಪನಿಯ ಅನುಮತಿ ಬೇಕು.

ನಿವ್ವಳ ಮಾಪನವಿದ್ದು ವಿದ್ಯುತ್ ಕಡಿತ ವಿರಳವಾಗಿರುವ ಕಡೆ ಬ್ಯಾಟರಿಯಿಂದಾಗುವ ಹಣದ ಉಳಿತಾಯ ಅಲ್ಪ. ಕಡಿತ ಪದೇ ಪದೇ ಆಗುವ ಊರುಗಳಲ್ಲಿ ಹಾಗೂ ವೈದ್ಯಕೀಯ ಉಪಕರಣ ಅವಲಂಬಿಸಿದವರಿರುವ ಮನೆಗಳಲ್ಲಿ ಇದರ ಉಪಯುಕ್ತತೆ ಅಧಿಕ.